ನಂದಳಿಕೆಯ ಮುದ್ದಣ

ಕಾರ್ಕಳದ ಹೆಸರನ್ನು ಕೇಳಿದೊಡನೆ ಬಂಡೆಯ ಮೇಲೆ ನಿಂತ ಬಾಹುಬಲಿಯ ಭವ್ಯಮೂರ್ತಿ ನಮ್ಮ ಕಣ್ಣ ಮುಂದೆ ಬರುತ್ತದೆ. ಸುಮಾರು 42 ಅಡಿ ಎತ್ತರದ ಆ ಮೂರ್ತಿಯನ್ನು 1432ರಲ್ಲಿ ಸ್ಥಾಪಿಸಿದವನು ಅರಸ ವೀರಪಾಂಡ್ಯ. ಅವನ ಹೆಸರು ಅಲ್ಲಿಯ ಶಾಸನದಲ್ಲಿ ಉಳಿದುಬಂದಿದೆ. ಅದೇ ತಾಲ್ಲೂಕಿನ ನಂದಳಿಕೆಯೆಂಬ ಹಳ್ಳಿಯಲ್ಲಿ ಹುಟ್ಟಿದ ಬಡ ಉಪಾಧ್ಯಾಯರೊಬ್ಬರು ಕನ್ನಡಕ್ಕೆ ಒಂದು ಅಪೂರ್ವ ಗ್ರಂಥವನ್ನು ಕೊಟ್ಟರು. ಆದರೆ ಅದು ತಮ್ಮದೆಂದು ಲೋಕಕ್ಕೆ ಹೇಳಿಕೊಳ್ಳಲಿಲ್ಲ. ಬರೆದವರು ಯಾರೆಂಬುದು ಓದುಗರಿಗೆಲ್ಲ ತಿಳಿಯುವ ಮೊದಲೇ ಅವರು ಈ ಲೋಕವನ್ನು ಬಿಟ್ಟು ಹೋದರು. ಅವರೇ ಮುದ್ದಣನೆಂಬ ಹೆಸರಿನಿಂದ ಪ್ರಸಿದ್ಧರಾದ ನಂದಳಿಕೆಯ ಲಕ್ಷ್ಮೀನಾರಣಪ್ಪನವರು.

ಲಕ್ಷ್ಮೀನಾರಣಪ್ಪನವರು 1870ನೆಯ ಇಸವಿ ಜನವರಿ 24ರಂದು ಜನಿಸಿದರು. ತಂದೆ ಪಾಠಾಳಿ ತಿಮ್ಮಪ್ಪಯ್ಯನವರು, ತಾಯಿ ಮಹಾಲಕ್ಷ್ಮಮ್ಮನವರು. ಆ ಕಾಲದಲ್ಲಿ ಕಾರ್ಕಳ, ಉಡುಪಿ, ಕಾಪು ಮೊದಲಾದ ಊರುಗಳೆಲ್ಲ ಮದ್ರಾಸು ಆಧಿಪತ್ಯದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದವು. ಅವು ಉಡುಪಿ ಜಿಲ್ಲೆಯ ಭಾಗವಾದದ್ದು 1997ರಲ್ಲಿ. ನೋಡಲು ಮುದ್ದಾಗಿದ್ದ ಮಗುವನ್ನು ಮನೆಯವರು ಪ್ರೀತಿಯಿಂದ ಮುದ್ದಣನೆಂದು ಕರೆಯುತ್ತಿದ್ದರು. ಮನೆಯಂಗಳದ ಈ ಅಕ್ಕರೆಯ ಹೆಸರೇ ಮುಂದೆ ಕನ್ನಡ ಸಾಹಿತ್ಯದಲ್ಲಿ ಸ್ಥಿರವಾಗಿ ನಿಂತಿತು. ಅಕ್ಕರೆಗೆ ಕೊರತೆಯಿಲ್ಲದ ಆ ಮನೆಯಲ್ಲಿ ಹಣಕ್ಕೆ ಮಾತ್ರ ಸದಾ ಕೊರತೆಯಿತ್ತು.

ಊರಿನಲ್ಲಿ ಪ್ರಾರಂಭದ ವಿದ್ಯೆ ಮುಗಿದ ಮೇಲೆ ಇಂಗ್ಲಿಷ್ ಕಲಿಯಬೇಕೆಂಬ ಆಸೆಯಿಂದ ಲಕ್ಷ್ಮೀನಾರಣಪ್ಪನವರು ಉಡುಪಿಗೆ ಬಂದರು. ಆದರೆ ಬಡತನವು ಅವರ ವಿದ್ಯಾಭ್ಯಾಸವನ್ನು ನಡುದಾರಿಯಲ್ಲಿಯೇ ತಡೆಯಿತು. ಬೇಗನೆ ಒಂದು ಉದ್ಯೋಗವನ್ನು ಹಿಡಿದು ಸಂಸಾರಕ್ಕೆ ನೆರವಾಗಬೇಕಾಗಿತ್ತು. ಅದಕ್ಕಾಗಿ ಅವರು ಆರಿಸಿಕೊಂಡ ದಾರಿ ಸಾಹಿತ್ಯಕ್ಕೆ ಬಹುದೂರವಾದದ್ದು. ಮದ್ರಾಸಿಗೆ ಹೋಗಿ ಅಂಗಸಾಧನೆಯಲ್ಲಿ ತರಬೇತಿ ಪಡೆದು, ಉಡುಪಿಗೆ ಮರಳಿ ವ್ಯಾಯಾಮ ಶಿಕ್ಷಕರಾದರು. ಕೆಲವು ಕಾಲ ಕುಂದಾಪುರದಲ್ಲಿಯೂ ಕೆಲಸ ಮಾಡಿದರು. ಹಗಲೆಲ್ಲ ಬಯಲಿನಲ್ಲಿ ಹುಡುಗರಿಗೆ ಕವಾಯತು ಕಲಿಸುತ್ತಿದ್ದ ಈ ಮಾಸ್ತರರು ಬಿಡುವಿನ ವೇಳೆಯಲ್ಲಿ ಹಳಗನ್ನಡ ಕಾವ್ಯಗಳಲ್ಲಿ ಮುಳುಗಿರುತ್ತಾರೆಂದು ಎಷ್ಟು ಮಂದಿಗೆ ತಿಳಿದಿತ್ತೋ!

ಸಾಹಿತ್ಯದ ಕಡೆಗೆ ಅವರನ್ನು ಕೈಹಿಡಿದು ನಡೆಸಿದವರು ಉಡುಪಿಯಲ್ಲಿ ಉಪಾಧ್ಯಾಯರಾಗಿದ್ದ ಮಳಲಿ ಸುಬ್ಬರಾಯರು. ಸುಬ್ಬರಾಯರು ವಿದ್ವಾಂಸರು, ನಾಟಕಕಾರರು. ಅವರ ಸಹವಾಸದಿಂದಲೂ ಅವರಲ್ಲಿದ್ದ ಪುಸ್ತಕಗಳಿಂದಲೂ ಲಕ್ಷ್ಮೀನಾರಣಪ್ಪನವರು ಹಳೆಯ ಕಾವ್ಯಗಳನ್ನೂ ವ್ಯಾಕರಣ ಛಂದಸ್ಸುಗಳನ್ನೂ ಅರಿತುಕೊಂಡರು. ಇನ್ನೊಂದು ಕಡೆಯಿಂದ ಕರಾವಳಿಯ ಯಕ್ಷಗಾನ ಅವರನ್ನು ಸೆಳೆಯಿತು. ಸುಗ್ಗಿ ಮುಗಿದ ಗದ್ದೆಗಳಲ್ಲಿ ದೀಪದ ಬೆಳಕಿನಲ್ಲಿ ರಾತ್ರಿಯಿಡೀ ನಡೆಯುವ ಆಟಗಳನ್ನು ನೋಡಿ ಬೆಳೆದ ಪ್ರದೇಶ ಅದು. ಅವರು ‘ರತ್ನಾವತಿ ಕಲ್ಯಾಣ’, ‘ಕುಮಾರವಿಜಯ’ ಎಂಬ ಎರಡು ಯಕ್ಷಗಾನ ಪ್ರಸಂಗಗಳನ್ನು ರಚಿಸಿದರು. ಭಾಗವತರ ಹಾಡಿನ ಬೆನ್ನಿಗೇ ವೇಷಧಾರಿಗಳು ಆಶುವಾಗಿ ಮಾತು ಬೆಳೆಸುವುದು ಯಕ್ಷಗಾನದ ವಿಶೇಷ. ಮಾತಿಗೆ ಮಾತು ಕೊಡುವ ಈ ಚಮತ್ಕಾರವೇ ಮುಂದೆ ಅವರ ಗದ್ಯದಲ್ಲಿ ಬೇರೊಂದು ರೂಪವನ್ನು ತಾಳಿತೆಂದು ತೋರುತ್ತದೆ.

ಘಟ್ಟದ ಮೇಲಿನ ಶಿವಮೊಗ್ಗ ಸೀಮೆಯ ಕನ್ಯೆ ಕಮಲೆಯೊಡನೆ ಅವರ ವಿವಾಹವಾಯಿತು. ಅವರಿಗೆ ರಾಧಾಕೃಷ್ಣನೆಂಬ ಮಗನು ಹುಟ್ಟಿದನು. ಅಲ್ಪ ಸಂಬಳದಲ್ಲಿ ಸಂಸಾರ ಸಾಗಬೇಕಾಗಿತ್ತು. ಆದರೂ ಆ ಸಂಸಾರದ ಸರಸವು ಬತ್ತಿರಲಿಲ್ಲ. ಕವಿಯು ತನ್ನ ಗ್ರಂಥದಲ್ಲಿ ಚಿತ್ರಿಸಿದ ಜಾಣೆಯಾದ ಮಡದಿ ಮನೋರಮೆಗೆ ಈ ಕಮಲೆಯೇ ಮಾದರಿಯೆಂದು ಸಾಹಿತ್ಯಾಭ್ಯಾಸಿಗಳು ನಂಬಿದ್ದಾರೆ.

ಆ ದಿನಗಳಲ್ಲಿ ಮೈಸೂರಿನಿಂದ ‘ಕಾವ್ಯಮಂಜರಿ’, ‘ಕಾವ್ಯಕಲಾನಿಧಿ’ ಎಂಬ ಪತ್ರಿಕೆಗಳು ಹೊರಡುತ್ತಿದ್ದವು. ತಾಳೆಯೋಲೆಗಳಲ್ಲಿ ಅಡಗಿದ್ದ ಪ್ರಾಚೀನ ಕಾವ್ಯಗಳನ್ನು ಅಚ್ಚುಮಾಡಿ ಉಳಿಸುವುದು ಅವುಗಳ ಮುಖ್ಯ ಉದ್ದೇಶ. ಲಕ್ಷ್ಮೀನಾರಣಪ್ಪನವರು ತಮ್ಮ ಕೃತಿಗಳನ್ನು ಈ ಪತ್ರಿಕೆಗಳಿಗೆ ಕಳುಹಿಸಿದರು. ಆದರೆ ಅವು ತಾವು ಬರೆದವೆಂದು ತಿಳಿಸದೆ, ಹಳೆಯ ಕಾಲದ ಕೃತಿಗಳೆಂಬಂತೆ ಕಳುಹಿಸಿದರು. ಗದ್ಯಗ್ರಂಥವಾದ ‘ಅದ್ಭುತ ರಾಮಾಯಣ’ವು 1895ರಲ್ಲಿಯೂ, ಷಟ್ಪದಿಯಲ್ಲಿ ರಚಿತವಾದ ‘ಶ್ರೀರಾಮಪಟ್ಟಾಭಿಷೇಕ’ವು 1896ರಲ್ಲಿಯೂ ಬೆಳಕು ಕಂಡವು. ಅವರ ಮೇರುಕೃತಿಯಾದ ‘ಶ್ರೀರಾಮಾಶ್ವಮೇಧ’ವು 1899ರಿಂದ 1901ರ ಅವಧಿಯಲ್ಲಿ ಪ್ರಕಟವಾಯಿತು. ಅವರು ಹೆಸರನ್ನು ಏಕೆ ಮರೆಮಾಡಿದರು? ಸ್ವಭಾವತಃ ಅವರು ಸಂಕೋಚಶೀಲರು. ದೂರದ ಊರಿನ ಒಬ್ಬ ವ್ಯಾಯಾಮ ಶಿಕ್ಷಕನ ಹೊಸ ಬರವಣಿಗೆಯನ್ನು ಪಂಡಿತರು ಆದರಿಸುವರೋ ಇಲ್ಲವೋ ಎಂಬ ಅಳುಕೂ ಇದ್ದಿರಬಹುದು. ಹಳೆಯದೆಂಬ ಗೌರವದ ಹೊದಿಕೆಯಲ್ಲಿ ಅವರು ತಮ್ಮ ಹೊಸತನವನ್ನು ಮುಚ್ಚಿ ಕಳುಹಿಸಿದರು.

ಹೆಸರಿಗೆ ‘ಶ್ರೀರಾಮಾಶ್ವಮೇಧ’ವು ಪುರಾಣದ ಕಥೆ. ಶ್ರೀರಾಮನು ಯಜ್ಞಾಶ್ವವನ್ನು ಬಿಡುವುದು, ಶತ್ರುಘ್ನನು ಅದರ ಬೆಂಗಾವಲಾಗಿ ಹೊರಡುವುದು, ದಾರಿಯಲ್ಲಿ ಯುದ್ಧಗಳಾಗುವುದು, ಕೊನೆಗೆ ಲವಕುಶರ ಸಂಗತಿ, ಇವೆಲ್ಲ ಅದರಲ್ಲಿವೆ. ಆದರೆ ಇಂದು ಆ ಗ್ರಂಥದ ಹೆಸರೆತ್ತಿದರೆ ಓದುಗರಿಗೆ ಮೊದಲು ನೆನಪಾಗುವುದು ಕುದುರೆಯೂ ಅಲ್ಲ, ಯುದ್ಧವೂ ಅಲ್ಲ. ಕಥೆ ಹೇಳುವ ಗಂಡ, ಕೇಳುವ ಹೆಂಡತಿ. ಮಳೆಗಾಲದ ಒಂದು ದಿನ ಮುದ್ದಣನು ಅರಮನೆಯಿಂದ ದಣಿದು ಮನೆಗೆ ಬರುತ್ತಾನೆ. ಮನೋರಮೆ ಅವನನ್ನು ಉಪಚರಿಸಿ, ಹೊತ್ತು ಕಳೆಯಲು ಒಂದು ಕಥೆ ಹೇಳೆಂದು ಬೇಡುತ್ತಾಳೆ. ಕಥೆ ಯಾವುದಾಗಬೇಕೆಂಬ ಚರ್ಚೆಯೇ ಬಹಳ ಹೊತ್ತು ನಡೆಯುತ್ತದೆ. ಕಥೆಗೆ ಪ್ರತಿಫಲವೇನೆಂದು ಗಂಡನು ಚೌಕಾಸಿ ಮಾಡುತ್ತಾನೆ. ಪದ್ಯದಲ್ಲಿ ಹೇಳಲೇ ಎಂದರೆ ಅದು ತನಗೆ ಬೇಡ, ಗದ್ಯವೇ ಹಿತವೆಂದು ಹೆಂಡತಿ ತೀರ್ಪು ಕೊಡುತ್ತಾಳೆ. ಅವನು ಸಂಸ್ಕೃತದ ಉದ್ದುದ್ದ ಸಮಾಸಗಳನ್ನು ಹರಿಯಬಿಟ್ಟರೆ ಅರ್ಥವಾಗಲಿಲ್ಲವೆಂದು ತಡೆಯುತ್ತಾಳೆ. ತಿಳಿಗನ್ನಡದಲ್ಲಿ ಹೇಳೆಂದು ಕೇಳುತ್ತಾಳೆ.

ಈ ಸರಸದ ಹಿಂದೆ ಗಂಭೀರವಾದ ವಿಚಾರವೊಂದು ಅಡಗಿದೆ. ಅದುವರೆಗೆ ಕಾವ್ಯವನ್ನು ಅಳೆಯುವವರು ರಾಜಾಸ್ಥಾನದ ಪಂಡಿತರಾಗಿದ್ದರು. ಲಕ್ಷ್ಮೀನಾರಣಪ್ಪನವರು ಆ ಅಧಿಕಾರವನ್ನು ಮನೆಯ ಗೃಹಿಣಿಯ ಕೈಗೆ ಕೊಟ್ಟರು. ಅವಳಿಗೆ ತಿಳಿಯದ ಮಾತು ಎಷ್ಟೇ ಪಾಂಡಿತ್ಯದಿಂದ ಕೂಡಿದ್ದರೂ ವ್ಯರ್ಥ. ಸೀತೆಯ ಪರಿತ್ಯಾಗದಂತಹ ಸಂದರ್ಭ ಬಂದಾಗ ಮನೋರಮೆ ಸುಮ್ಮನೆ ಕೇಳಿ ತಲೆದೂಗುವವಳಲ್ಲ; ಮರುಗುತ್ತಾಳೆ, ಪ್ರಶ್ನಿಸುತ್ತಾಳೆ. ಹಾಸ್ಯ ಮಾಡಬೇಕೆಂದು ಕವಿ ಬೇರೆ ಯಾರನ್ನೂ ಹೀಯಾಳಿಸಲಿಲ್ಲ. ಮುದ್ದಣನೆಂದು ತನ್ನ ಹೆಸರನ್ನೇ ಇಟ್ಟುಕೊಂಡು, ತನ್ನ ಪಾಂಡಿತ್ಯವನ್ನೇ ಹೆಂಡತಿಯ ಮುಂದೆ ನಗೆಗೀಡು ಮಾಡಿಕೊಂಡರು. ತನ್ನನ್ನು ನೋಡಿ ತಾನು ನಗಬಲ್ಲವನ ನಗೆಯಲ್ಲಿ ಯಾರಿಗೂ ನೋವಿಲ್ಲ. ಗ್ರಂಥದ ಭಾಷೆ ಹಳಗನ್ನಡವಾದರೂ ಅದರ ದೃಷ್ಟಿ ಹೊಸದು. ಆದುದರಿಂದಲೇ ಮುದ್ದಣನನ್ನು ಹೊಸಗನ್ನಡದ ಮುಂಗೋಳಿಯೆಂದು ಕರೆಯುವುದುಂಟು. ಕೋಳಿ ಕೂಗುವಾಗ ಇನ್ನೂ ಕತ್ತಲೆಯಿರುತ್ತದೆ. ಆದರೆ ಬೆಳಗು ದೂರವಿಲ್ಲವೆಂದು ಆ ಕೂಗಿನಿಂದ ತಿಳಿಯುತ್ತದೆ.

ಇಂತಹ ಹಾಸ್ಯದ ಬಗೆ ಅದೇ ಕಾಲದಲ್ಲಿ ಬಹುದೂರದ ಇಂಗ್ಲೆಂಡಿನಲ್ಲಿಯೂ ಕಾಣಿಸಿಕೊಂಡಿತ್ತು. ಜೆರೋಮ್ ಕೆ. ಜೆರೋಮ್ ಎಂಬ ಲೇಖಕರ ‘ಥ್ರೀ ಮೆನ್ ಇನ್ ಎ ಬೋಟ್’ ಎಂಬ ಕಾದಂಬರಿ 1889ರಲ್ಲಿ ಪ್ರಕಟವಾಯಿತು. ಮೂವರು ಗೆಳೆಯರು ಒಂದು ನಾಯಿಯನ್ನು ಕರೆದುಕೊಂಡು ಥೇಮ್ಸ್ ನದಿಯಲ್ಲಿ ದೋಣಿಯ ವಿಹಾರ ಹೊರಡುವುದೇ ಅದರ ಕಥೆ. ಹಣ್ಣಿನ ಡಬ್ಬಿಯನ್ನು ತಂದವರು ಅದನ್ನು ತೆರೆಯುವ ಉಪಕರಣವನ್ನು ಮರೆತುಬಂದು ಪಡುವ ಪಾಡಿನಂತಹ ಚಿಕ್ಕ ಸಂಗತಿಗಳೇ ಅಲ್ಲಿ ನಗೆಯ ಬುಗ್ಗೆಗಳಾಗಿವೆ. ದೋಣಿ ಎಲ್ಲಿಗೆ ಮುಟ್ಟಿತೆಂಬುದು ಮುಖ್ಯವಲ್ಲ. ದಾರಿಯುದ್ದಕ್ಕೂ ನಡೆಯುವ ಹರಟೆ ಮುಖ್ಯ. ‘ಶ್ರೀರಾಮಾಶ್ವಮೇಧ’ದಲ್ಲಿಯೂ ಕುದುರೆಯ ಸಂಚಾರಕ್ಕಿಂತ ನಡುನಡುವಿನ ಸಂಭಾಷಣೆಯೇ ಓದುಗನ ಮನಸ್ಸನ್ನು ಹಿಡಿಯುತ್ತದೆ. ಜೆರೋಮರೂ ಬಡತನವನ್ನು ಕಂಡವರು; ಚಿಕ್ಕಂದಿನಲ್ಲಿಯೇ ತಂದೆತಾಯಿಗಳನ್ನು ಕಳೆದುಕೊಂಡು ರೈಲ್ವೆಯಲ್ಲಿ ದುಡಿದವರು. ಒಬ್ಬರ ಪ್ರಭಾವ ಇನ್ನೊಬ್ಬರ ಮೇಲಾಯಿತೆಂದು ಹೇಳುವುದಕ್ಕಾಗಿ ಈ ಹೋಲಿಕೆಯಲ್ಲ. ಕಷ್ಟವನ್ನು ಉಂಡವರು ನಗೆಯನ್ನು ಬಡಿಸಬಲ್ಲರೆಂಬುದಕ್ಕೆ ಇಬ್ಬರೂ ಸಾಕ್ಷಿ. ಆದರೆ ಜೆರೋಮರು ತಮ್ಮ ಪುಸ್ತಕದ ಕೀರ್ತಿಯನ್ನು ಕಣ್ಣಾರೆ ಕಂಡು 1927ರವರೆಗೆ ಬದುಕಿದರು. ನಮ್ಮ ಕವಿಗೆ ಆ ಭಾಗ್ಯವಿರಲಿಲ್ಲ.

ಲಕ್ಷ್ಮೀನಾರಣಪ್ಪನವರನ್ನು ಕ್ಷಯರೋಗವು ಹಿಡಿಯಿತು. ಇತರರಿಗೆ ಅಂಗಸಾಧನೆಯನ್ನು ಕಲಿಸಿದ ದೇಹವು ದಿನದಿನಕ್ಕೆ ಕೃಶವಾಯಿತು. ಈ ರೋಗಕ್ಕೆ ಕಾರಣವಾದ ಕ್ರಿಮಿಯನ್ನು ಜರ್ಮನಿಯ ರಾಬರ್ಟ್ ಕೋಕ್ ಎಂಬ ವಿಜ್ಞಾನಿ 1882ರಲ್ಲಿಯೇ ಕಂಡುಹಿಡಿದಿದ್ದರು. ಆದರೆ ಅದನ್ನು ಕೊಲ್ಲುವ ಸ್ಟ್ರೆಪ್ಟೊಮೈಸಿನ್ ಎಂಬ ಔಷಧವು ದೊರೆತದ್ದು 1943ರಲ್ಲಿ. ಉಡುಪಿಗೆ ಕೂಗಳತೆಯಲ್ಲಿರುವ ಮಣಿಪಾಲದಲ್ಲಿ ವೈದ್ಯಕೀಯ ಕಾಲೇಜು ಸ್ಥಾಪನೆಯಾದದ್ದು 1953ರಲ್ಲಿ. ಕವಿಯ ಕಾಲಕ್ಕೆ ಇವಾವುವೂ ಇರಲಿಲ್ಲ. ಒಳ್ಳೆಯ ಆಹಾರವೂ ವಿಶ್ರಾಂತಿಯೂ ಮಾತ್ರ ಅಂದಿನ ಚಿಕಿತ್ಸೆ. ಬಡ ಉಪಾಧ್ಯಾಯರಿಗೆ ಅವೆರಡೂ ದುರ್ಲಭ. 1901ರ ಫೆಬ್ರವರಿ ತಿಂಗಳಲ್ಲಿ, ಮೂವತ್ತೊಂದನೆಯ ವಯಸ್ಸಿನಲ್ಲಿ ಅವರು ತೀರಿಕೊಂಡರು. ಎಳೆಯ ಮಗನೂ ಮಡದಿಯೂ ಅನಾಥರಾದರು. ಮನೋರಮೆಯ ನಗೆಯನ್ನು ಕನ್ನಡಿಗರಿಗೆ ಕೊಟ್ಟವರ ಮನೆಯಲ್ಲಿಯೇ ನಗೆ ನಂದಿತು. ಆ ಸಂಭಾಷಣೆಗಳಲ್ಲಿ ಎಲ್ಲಿಯೂ ಬಡತನದ ಕೊರಗಿಲ್ಲ, ಬೇನೆಯ ನರಳಿಕೆಯಿಲ್ಲ. ತನ್ನ ನೋವನ್ನು ತಾನೇ ನುಂಗಿ, ಓದುವವರಿಗೆ ಸಂತೋಷವನ್ನು ಮಾತ್ರ ಉಳಿಸಿದ್ದು ಸಾಮಾನ್ಯವಾದ ಸಂಯಮವಲ್ಲ.

ಕಾಲಕ್ರಮದಲ್ಲಿ ವಿದ್ವಾಂಸರಿಗೆ ಸಂದೇಹವುಂಟಾಯಿತು. ಹಳೆಯ ಕವಿಯ ಕೃತಿಯೆನಿಸಿಕೊಂಡ ಗ್ರಂಥದಲ್ಲಿ ಹೊಸಕಾಲದ ಉಸಿರಾಟ ಕೇಳಿಬರುತ್ತಿತ್ತು. ವಿಚಾರಿಸುತ್ತ ಹೋದಂತೆ ಅದರ ಸುಳಿವು ಉಡುಪಿಯ ವ್ಯಾಯಾಮ ಶಿಕ್ಷಕರ ಕಡೆಗೆ ಕೊಂಡೊಯ್ದಿತು. ಮುದ್ದಣನೆಂದರೆ ನಂದಳಿಕೆಯ ಲಕ್ಷ್ಮೀನಾರಣಪ್ಪನವರೇ ಎಂಬುದು ಖಚಿತವಾಯಿತು. ಹೆಸರನ್ನು ಮುಚ್ಚಿಟ್ಟವರನ್ನು ಅವರ ಮಾತಿನ ಧಾಟಿಯೇ ಹಿಡಿದುಕೊಟ್ಟಿತು. ಇಂದು ನಂದಳಿಕೆಯಲ್ಲಿ ಅವರ ಸ್ಮಾರಕವಿದೆ. ಕಾರ್ಕಳ ತಾಲ್ಲೂಕಿನ ಕಾಂತಾವರದ ಕನ್ನಡ ಸಂಘವು ಅವರ ಹೆಸರಿನಲ್ಲಿ ಕಾವ್ಯಪ್ರಶಸ್ತಿಯನ್ನು ಸ್ಥಾಪಿಸಿದೆ. ಅಚ್ಚಾಗದ ಕವನಗಳ ಹಸ್ತಪ್ರತಿಗೆ ಆ ಪ್ರಶಸ್ತಿಯು ಸಲ್ಲುತ್ತದೆ. ತನ್ನ ಹಸ್ತಪ್ರತಿಗೆ ತನ್ನ ಹೆಸರಿಡಲು ಹಿಂಜರಿದ ಕವಿಗೆ ಇದಕ್ಕಿಂತ ತಕ್ಕ ಗೌರವವು ಬೇರೊಂದಿರಲಾರದು.

ಉಡುಪಿಯಿಂದ ತೆಂಕಣಕ್ಕೆ ಹೋದರೆ ಕಡಲತೀರದಲ್ಲಿ ಕಾಪುವಿನ ದೀಪಸ್ತಂಭವು ಕಾಣುತ್ತದೆ. ಅಲೆಗಳು ಅಪ್ಪಳಿಸುವ ಬಂಡೆಯ ಮೇಲೆ ಅದನ್ನು ಕಟ್ಟಿದ್ದು 1901ರಲ್ಲಿ, ಮುದ್ದಣನು ಕಣ್ಮುಚ್ಚಿದ ವರ್ಷದಲ್ಲಿಯೇ. ಕತ್ತಲೆಯಲ್ಲಿ ದೋಣಿ ನಡೆಸುವವರಿಗೆ ದೀಪ ಹಚ್ಚಿದವರ ಹೆಸರು ತಿಳಿಯಬೇಕಾಗಿಲ್ಲ. ಬೆಳಕು ಕಂಡರೆ ಸಾಕು. ಬೆಳಕಿನಲ್ಲಿ ಸುಖವಾಗಿ ದಡ ಸೇರಿದವರು ಆ ಹೆಸರನ್ನು ತಿಳಿದು ನೆನೆಯುವುದು ಅವರ ಕರ್ತವ್ಯ. ಮಳೆಗಾಲದ ಒಂದು ಸಂಜೆ, ಹೊರಗೆ ಹೋಗಲಾಗದೆ ಮನೆಯಲ್ಲಿ ಕುಳಿತಿರುವಾಗ, ವಿದ್ಯಾರ್ಥಿಗಳು ‘ಶ್ರೀರಾಮಾಶ್ವಮೇಧ’ವನ್ನು ತೆರೆದು ನೋಡಲಿ. ಮೊದಲು ಭಾಷೆ ಕಠಿನವೆನಿಸಬಹುದು. ಸ್ವಲ್ಪ ತಾಳ್ಮೆಯಿಂದ ಓದಿದರೆ, ತಮ್ಮ ಪರವಾಗಿ ಮನೋರಮೆಯೇ ಕವಿಯನ್ನು ತಡೆದು ಅರ್ಥ ಕೇಳುತ್ತಿರುವುದು ಅವರಿಗೆ ಕಂಡುಬರುತ್ತದೆ.