ದೊಡ್ಡ ವೀರರಾಜೇಂದ್ರ: ಮಡಿಕೇರಿಯನ್ನು ಮರಳಿ ಪಡೆದ ಅರಸ

ಸಮುದ್ರ ಮಟ್ಟದಿಂದ ಸುಮಾರು 3,800 ಅಡಿ ಎತ್ತರದಲ್ಲಿರುವ ಮಡಿಕೇರಿಯು ಕೊಡಗು ಜಿಲ್ಲೆಯ ಕೇಂದ್ರಸ್ಥಳವೂ ರಾಜ್ಯದ ಹೆಸರಾಂತ ಗಿರಿಧಾಮವೂ ಆಗಿದೆ. ಹಾಲೇರಿ ವಂಶದ ಮುದ್ದುರಾಜನು 1681ರಲ್ಲಿ ತನ್ನ ರಾಜಧಾನಿಯನ್ನು ಇಲ್ಲಿಗೆ ಸ್ಥಳಾಂತರಿಸಿದನು. ಮುದ್ದುರಾಜಕೇರಿ ಎಂಬ ಹೆಸರೇ ಕಾಲಕ್ರಮೇಣ ಮಡಿಕೇರಿ ಎಂದಾಯಿತೆಂದು ಹೇಳಲಾಗುತ್ತದೆ. ಸುಮಾರು ಒಂದು ಶತಮಾನದ ನಂತರ ವಂಶದ ಕೈತಪ್ಪಿದ ಈ ನಗರವನ್ನು ಮರಳಿ ಪಡೆದವನು ದೊಡ್ಡ ವೀರರಾಜೇಂದ್ರ.

ಸೆರೆವಾಸ

1780ರಲ್ಲಿ ತಂದೆ ಲಿಂಗರಾಜನು ನಿಧನನಾದಾಗ ರಾಜಕುಮಾರರು ಇನ್ನೂ ಪ್ರಾಪ್ತ ವಯಸ್ಸಿಗೆ ಬಂದಿರಲಿಲ್ಲ. ಇದೇ ಕಾರಣವನ್ನು ಮುಂದೊಡ್ಡಿ ಮೈಸೂರಿನ ಹೈದರ್ ಅಲಿಯು ಕೊಡಗಿನ ಆಡಳಿತವನ್ನು ತನ್ನ ವಶಕ್ಕೆ ತೆಗೆದುಕೊಂಡನು. ರಾಜಕುಟುಂಬವನ್ನು ಮೊದಲು ಹೇಮಾವತಿ ತೀರದ ಗೊರೂರಿನಲ್ಲಿಯೂ, ಟಿಪ್ಪು ಸುಲ್ತಾನನ ಕಾಲದಲ್ಲಿ ಪಿರಿಯಾಪಟ್ಟಣದ ಕೋಟೆಯಲ್ಲಿಯೂ ಇರಿಸಲಾಗಿತ್ತು. ಈ ಅವಧಿಯಲ್ಲಿ ಕೊಡಗಿನ ಜನರು ಹಲವು ಬಾರಿ ದಂಗೆಯೆದ್ದರು. ಕಠಿಣ ದಮನಕ್ಕೂ ಗುರಿಯಾದರು. 1788ರ ಡಿಸೆಂಬರ್ ತಿಂಗಳಲ್ಲಿ ವೀರರಾಜೇಂದ್ರನು ನಿಷ್ಠಾವಂತ ಕೊಡಗರ ನೆರವಿನಿಂದ ಕುಟುಂಬ ಸಮೇತನಾಗಿ ಪಿರಿಯಾಪಟ್ಟಣದಿಂದ ಪಾರಾಗಿ ತಾಯ್ನಾಡನ್ನು ಸೇರಿದನು.

ಕೋಟೆಯ ಮರುಸ್ವಾಧೀನ

ನಂತರದ ಎರಡು ವರ್ಷಗಳಲ್ಲಿ ಕೊಡಗಿನ ಬಹುಭಾಗ ಆತನ ವಶವಾಯಿತು. 1790ರ ಅಕ್ಟೋಬರ್‌ನಲ್ಲಿ ಈಸ್ಟ್ ಇಂಡಿಯಾ ಕಂಪನಿಯೊಡನೆ ಒಪ್ಪಂದ ಏರ್ಪಟ್ಟಿತು. ಟಿಪ್ಪುವು ಕಲ್ಲಿನಿಂದ ಪುನರ್ನಿರ್ಮಿಸಿ ಜಾಫರಾಬಾದ್ ಎಂದು ಹೆಸರಿಸಿದ್ದ ಮಡಿಕೇರಿ ಕೋಟೆ ಮಾತ್ರ ಆಗಲೂ ಮೈಸೂರಿನ ಪಡೆಯ ಕೈಯಲ್ಲಿತ್ತು. ಅದರ ನೆರವಿಗೆ ಆಹಾರ ಸಾಮಗ್ರಿಯೊಡನೆ ಬಂದ ಖಾದರ್ ಖಾನ್ ಎಂಬ ಸೇನಾಧಿಕಾರಿಯನ್ನು ರಾಜನ ಪಡೆಗಳು ಸುತ್ತುವರಿದವು. ರಾಜಕುಟುಂಬದ ಸಂಕಷ್ಟದ ದಿನಗಳಲ್ಲಿ ಈತನೇ ಅವರ ಹೆಣ್ಣುಮಕ್ಕಳ ಮಾನ ಕಾಪಾಡಿದ್ದನು. ಆ ಉಪಕಾರವನ್ನು ನೆನೆದ ರಾಜನು ಸಾಮಗ್ರಿ ಕೋಟೆಯನ್ನು ಸೇರಲು ಅವಕಾಶ ನೀಡಿದನು. ದಾಸ್ತಾನು ತೀರಿದ ಮೇಲೆ ಕೋಟೆಯು ಶರಣಾಯಿತು. ಕೋಟೆಯಲ್ಲಿದ್ದವರನ್ನು ಜೀವಸಹಿತ ಹೋಗಬಿಡಲಾಯಿತು. ಕೈಗೆ ಸಿಕ್ಕಿದ ಗೆಲುವನ್ನು ಋಣದ ಸಲುವಾಗಿ ತಡೆಹಿಡಿದ ಈ ಘಟನೆ ಕೊಡಗಿನ ಇತಿಹಾಸದಲ್ಲಿ ವಿಶೇಷವಾದುದು.

ಆಡಳಿತ ಮತ್ತು ನಿರ್ಮಾಣ ಕಾರ್ಯಗಳು

ರಾಜನು 1792ರಲ್ಲಿ ಸ್ಥಾಪಿಸಿದ ವೀರರಾಜೇಂದ್ರಪೇಟೆಯೇ ಇಂದಿನ ವಿರಾಜಪೇಟೆ. ಮೈಸೂರಿನ ಸೆರೆಯಿಂದ ಪಾರಾಗಿ ಬಂದ ಕ್ರೈಸ್ತ ಕುಟುಂಬಗಳಿಗೆ ಅಲ್ಲಿ ಆಶ್ರಯ ನೀಡಲಾಯಿತು. ತಡಿಯಂಡಮೋಳ್ ಶಿಖರದ ತಪ್ಪಲಿನಲ್ಲಿರುವ ನಾಲ್ಕುನಾಡು ಅರಮನೆ 1792-94ರ ಅವಧಿಯಲ್ಲಿ ನಿರ್ಮಾಣಗೊಂಡಿತು. ಹಾಲೇರಿ ಅರಸರ ಆಸ್ಥಾನ ಭಾಷೆ ಕನ್ನಡವಾಗಿದ್ದು, 1633ರಿಂದ ಆರಂಭಿಸಿ ವಂಶದ ಚರಿತ್ರೆಯನ್ನು ನಿರೂಪಿಸುವ ರಾಜೇಂದ್ರನಾಮೆ ಎಂಬ ಕನ್ನಡ ಗದ್ಯಕೃತಿಯು ಈ ರಾಜನ ಆಶ್ರಯದಲ್ಲಿಯೇ ರಚಿತವಾಯಿತು.

ಕೊನೆಯ ವರ್ಷಗಳು

ರಾಜನಿಗೆ ರಾಣಿ ಮಹಾದೇವಮ್ಮಾಜಿಯಲ್ಲಿ ಗಂಡುಸಂತಾನವಿರಲಿಲ್ಲ. ತನ್ನ ನಂತರ ಮಗಳು ದೇವಮ್ಮಾಜಿಗೆ ಪಟ್ಟ ದೊರೆಯಬೇಕೆಂಬುದು ಆತನ ಇಚ್ಛೆಯಾಗಿತ್ತು. 1807ರಲ್ಲಿ ರಾಣಿಯು ನಿಧನಳಾದ ನಂತರ ರಾಜನ ಮನಸ್ಸು ಅಸ್ವಸ್ಥವಾಯಿತು. ಒಮ್ಮೆ ನಿಷ್ಠೆಯ ಬಲದಿಂದಲೇ ನಾಡನ್ನು ಗೆದ್ದವನು ಸುತ್ತಲಿನವರನ್ನೆಲ್ಲ ಸಂಶಯದಿಂದ ಕಾಣತೊಡಗಿದನು. ಆ ಸಂಶಯಕ್ಕೆ ಅನೇಕರು ಬಲಿಯಾದರು. 1809ರ ಜೂನ್ 9ರಂದು ರಾಜನು ನಿಧನನಾದನು. ಬಾಲಕಿ ದೇವಮ್ಮಾಜಿಯ ಹೆಸರಿನಲ್ಲಿ ಆಡಳಿತ ಆರಂಭವಾಯಿತಾದರೂ 1811ರಲ್ಲಿ ರಾಜನ ಸಹೋದರ ಲಿಂಗರಾಜೇಂದ್ರನು ಸಿಂಹಾಸನವನ್ನೇರಿದನು. ಆತನ ಮಗ ಚಿಕ್ಕವೀರರಾಜೇಂದ್ರನು 1834ರಲ್ಲಿ ಪದಚ್ಯುತನಾಗುವುದರೊಂದಿಗೆ ಕೊಡಗು ಕಂಪನಿಯ ಆಳ್ವಿಕೆಗೆ ಸೇರಿತು. ಮರಳಿ ಪಡೆದ ರಾಜ್ಯ ಅರ್ಧ ಶತಮಾನವೂ ಉಳಿಯಲಿಲ್ಲ.

ಇಂದಿನ ಸ್ಮಾರಕಗಳು

ಮಡಿಕೇರಿ ನಗರದ ಗದ್ದಿಗೆಯಲ್ಲಿ ದೊಡ್ಡ ವೀರರಾಜೇಂದ್ರ ಮತ್ತು ಮಹಾದೇವಮ್ಮಾಜಿಯವರ ಸಮಾಧಿಗಳಿವೆ. ಗುಮ್ಮಟ ಹಾಗೂ ಮಿನಾರುಗಳಿಂದ ಕೂಡಿದ ಈ ಕಟ್ಟಡಗಳು ಮುಸ್ಲಿಂ ವಾಸ್ತುಶೈಲಿಯ ಪ್ರಭಾವವನ್ನು ತೋರಿದರೂ ಒಳಗಿರುವುದು ವೀರಶೈವ ಅರಸರ ಸಮಾಧಿಗಳು. ಟಿಪ್ಪುವಿನೊಡನೆ ಹೋರಾಡಿ ಮಡಿದ ಬಿದ್ದಂಡ ಬೋಪುವಿನ ಸಮಾಧಿಯೂ ಆತನ ಮಗ ಸೋಮಯ್ಯನವರ ಸಮಾಧಿಯೂ ಅರಸರ ಸಮೀಪದಲ್ಲಿಯೇ ಇವೆ. ಕೋಟೆಯೊಳಗಿನ ಅರಮನೆಯು ದೀರ್ಘಕಾಲ ಸರ್ಕಾರಿ ಕಚೇರಿಗಳಿಗೆ ನೆಲೆಯಾಗಿತ್ತು. ಕಚೇರಿ ಕೆಲಸಗಳಿಗಾಗಿ ಮಡಿಕೇರಿಗೆ ಬರುವ ಸಾರ್ವಜನಿಕರು ಬಿಡುವು ದೊರೆತಾಗ ಕೋಟೆ ಹಾಗೂ ಗದ್ದಿಗೆಗಳನ್ನು ಸಂದರ್ಶಿಸಬಹುದಾಗಿದೆ. ಸ್ಮಾರಕಗಳ ಗೋಡೆಗಳ ಮೇಲೆ ಹೆಸರು ಕೆತ್ತದೆ, ಗೀಚದೆ ಅವುಗಳ ಸಂರಕ್ಷಣೆಗೆ ಎಲ್ಲರೂ ಸಹಕರಿಸಬೇಕು.