ಅಂಗಸಾಧನೆಯ ಆಚಾರ್ಯ ಕೆ. ವಿ. ಅಯ್ಯರ್

ಮೈ ಬೆಳೆಸುವವನಿಗೆ ಅಕ್ಷರದ ಹಂಗಿಲ್ಲ, ಅಕ್ಷರ ಒಲಿದವನಿಗೆ ಮೈಯ ಗೊಡವೆ ಬೇಡ ಎಂಬ ತಪ್ಪು ಭಾವನೆ ವಿದ್ಯಾವಂತರಲ್ಲಿ ಬಹುಕಾಲದಿಂದ ಬೇರೂರಿದೆ. ನಮ್ಮ ಪೂರ್ವಿಕರು ಹಾಗೆ ಬಗೆದಿರಲಿಲ್ಲ. ದೇಹವನ್ನೇ ಧರ್ಮಸಾಧನೆಯ ಮೊದಲ ಉಪಕರಣವೆಂದು ಎಣಿಸಿದ ನಾಡು ಇದು. ಉಡುಪಿ, ಕಾಪು, ಕಾರ್ಕಳಗಳ ಪರಿಸರದಲ್ಲಿ ಕೋಟಿ-ಚೆನ್ನಯರ ಹೆಸರಿನ ಗರಡಿಗಳು ಪೂಜಾಸ್ಥಾನಗಳಾಗಿ ಉಳಿದಿರುವುದೇ ಅಂಗಸಾಧನೆಗೆ ಜನತೆ ಸಲ್ಲಿಸಿದ ಗೌರವಕ್ಕೆ ಸಾಕ್ಷಿ. ಇಪ್ಪತ್ತನೆಯ ಶತಮಾನದಲ್ಲಿ ಅಂಗಸಾಧನೆಯನ್ನು ಕ್ರಮಬದ್ಧ ಶಿಕ್ಷಣವಾಗಿ ರೂಪಿಸಿ, ಅದೇ ಕೈಯಿಂದ ಕನ್ನಡಕ್ಕೆ ಶ್ರೇಷ್ಠ ಕಾದಂಬರಿಗಳನ್ನೂ ಇತ್ತ ಮಹನೀಯರು ಕೋಲಾರದ ವೆಂಕಟೇಶ ಅಯ್ಯರ್. ನಾಡು ಅವರನ್ನು ಬಲ್ಲುದು ಕೆ. ವಿ. ಅಯ್ಯರ್ ಎಂಬ ಹೆಸರಿನಿಂದ.

ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕದಲ್ಲಿ ಜನಿಸಿದ ಅಯ್ಯರ್ ಅವರು ಬೆಳೆದದ್ದು ದೇಹದಾರ್ಢ್ಯದ ಹೊಸ ಗಾಳಿ ಬೀಸುತ್ತಿದ್ದ ಕಾಲದಲ್ಲಿ. ಯೂರೋಪಿನ ಪ್ರಸಿದ್ಧ ಅಂಗಸಾಧಕ ಯೂಜೆನ್ ಸ್ಯಾಂಡೋ 1905ರ ಸುಮಾರಿಗೆ ಭಾರತದಲ್ಲಿ ಸಂಚರಿಸಿ ತನ್ನ ಪ್ರದರ್ಶನಗಳಿಂದ ಅನೇಕರಲ್ಲಿ ಉತ್ಸಾಹ ತುಂಬಿದ್ದನು. ಪರಾಧೀನವಾಗಿದ್ದ ದೇಶದ ತರುಣರಿಗೆ ದೇಹಬಲವು ಆತ್ಮಗೌರವದ ಪ್ರಶ್ನೆಯೂ ಆಗಿತ್ತು. ಅಯ್ಯರ್ ಅವರು ಪಾಶ್ಚಾತ್ಯರ ಭಾರ ಎತ್ತುವ ಕ್ರಮವನ್ನು ಅಭ್ಯಸಿಸಿದರು. ಆದರೆ ಅಲ್ಲಿಗೇ ನಿಲ್ಲಲಿಲ್ಲ. ಅದರೊಡನೆ ಹಠಯೋಗದ ಆಸನಗಳನ್ನೂ ಸೂರ್ಯನಮಸ್ಕಾರವನ್ನೂ ಬೆಸೆದರು. ಭಾರವು ಸ್ನಾಯುವಿಗೆ ಪುಷ್ಟಿ ಕೊಟ್ಟರೆ ಆಸನವು ಒಳಗಿನ ಅಂಗಗಳಿಗೆ ಸ್ವಾಸ್ಥ್ಯ ಕೊಡುತ್ತದೆ, ಎರಡೂ ಕೂಡಿದಲ್ಲದೆ ಸಾಧನೆ ಪೂರ್ಣವಾಗದು ಎಂಬುದು ಅವರ ನಿಲುವು.

ಬೆಂಗಳೂರಿನಲ್ಲಿ ಅವರು ನಡೆಸಿದ ಹರ್ಕ್ಯುಲಿಸ್ ವ್ಯಾಯಾಮಶಾಲೆ ಈ ನಿಲುವಿನ ಪ್ರಯೋಗಶಾಲೆಯಾಯಿತು. ಶಾಲೆಗೆ ಬರಲಾಗದ ದೂರದ ಊರಿನವರಿಗೆ ಅಂಚೆಯ ಮೂಲಕ ಪಾಠ ಕಳುಹಿಸುವ ಏರ್ಪಾಡನ್ನೂ ಮಾಡಿದರು. ಗುರುವಿನ ಕಣ್ಣೆದುರಿನಲ್ಲೇ ಕಲಿಯಬೇಕಾದ ವಿದ್ಯೆಯನ್ನು ಕಾಗದದ ಮೇಲೆ ಕಲಿಸುವುದು ಸುಲಭವಲ್ಲ. ಪ್ರತಿಯೊಂದು ಚಲನೆಯನ್ನೂ ಸ್ಪಷ್ಟವಾಗಿ ಮಾತಿನಲ್ಲಿ ಹಿಡಿಯಬೇಕು. 1930ರಲ್ಲಿ ‘ಮಸಲ್ ಕಲ್ಟ್’, 1936ರಲ್ಲಿ ‘ಪರ್ಫೆಕ್ಟ್ ಫಿಸೀಕ್’, 1937ರಲ್ಲಿ ‘ಸೂರ್ಯನಮಸ್ಕಾರ’ ಎಂಬ ಇಂಗ್ಲಿಷ್ ಗ್ರಂಥಗಳು ಹೊರಬಂದವು. ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ತಿರುಮಲೈ ಕೃಷ್ಣಮಾಚಾರ್ಯರು ಯೋಗಶಾಲೆ ನಡೆಸುತ್ತಿದ್ದ ಕಾಲದಲ್ಲಿ ಅದರ ಸಮೀಪದಲ್ಲಿಯೇ ಅಯ್ಯರ್ ಅವರ ಶಿಷ್ಯರೊಬ್ಬರು ವ್ಯಾಯಾಮ ಕಲಿಸುತ್ತಿದ್ದರು. ಆಧುನಿಕ ಯೋಗಾಭ್ಯಾಸ ಬೆಳೆದ ಬಗೆಯನ್ನು ಅರಸುವ ಸಂಶೋಧಕರು ಅಯ್ಯರ್ ಅವರ ಹೆಸರನ್ನು ಬಿಟ್ಟು ಮುಂದೆ ಹೋಗಲಾರರು.

ಇಂತಹ ವ್ಯಾಯಾಮಾಚಾರ್ಯರು ಲೇಖನಿ ಹಿಡಿದದ್ದು ಹಲವರಿಗೆ ಅಚ್ಚರಿಯ ಸಂಗತಿ. ಅವರಿಗೆ ಟಿ. ಪಿ. ಕೈಲಾಸಂ ಅವರ ಆಪ್ತ ಸ್ನೇಹವಿತ್ತು. ನಾಟಕ, ಸಾಹಿತ್ಯಗಳಲ್ಲಿ ಗಾಢವಾದ ಆಸಕ್ತಿಯಿತ್ತು. ಹೊಯ್ಸಳ ವಿಷ್ಣುವರ್ಧನನ ಪಟ್ಟದರಸಿಯ ಬಾಳನ್ನು ಚಿತ್ರಿಸಿದ ‘ಶಾಂತಲಾ’ ಅವರ ಕೀರ್ತಿಯನ್ನು ಮನೆಮನೆಗೆ ಒಯ್ದಿತು. ಶಾಸನಗಳಲ್ಲಿ ನಾಟ್ಯಸಂಗೀತಪ್ರವೀಣೆಯಾಗಿ ಸ್ತುತಳಾಗಿ, 1131ರಲ್ಲಿ ಶಿವಗಂಗೆಯಲ್ಲಿ ಕೊನೆಯುಸಿರೆಳೆದ ಆ ರಾಣಿಯು ಅವರ ಬರಹದಲ್ಲಿ ಮತ್ತೆ ಜೀವಂತಳಾದಳು.

ಅವರ ಬಾಳಿನ ಎರಡು ಮುಖಗಳನ್ನು ಒಂದಾಗಿ ತೋರಿಸುವ ಕೃತಿ ‘ರೂಪದರ್ಶಿ’. ಇಟಲಿಯ ಕಲಾವಿದನೊಬ್ಬನಿಗೆ ಬಾಲಯೇಸುವಿನ ಚಿತ್ರಕ್ಕೆ ಮಾದರಿಯಾಗಬಲ್ಲ ದಿವ್ಯಕಳೆಯ ಮಗುವೊಂದು ದೊರೆಯುತ್ತದೆ. ವರ್ಷಗಳುರುಳಿದ ಮೇಲೆ ದ್ರೋಹಿ ಜೂದಾಸನ ಚಿತ್ರಕ್ಕೆ ತಕ್ಕ ಮುಖವನ್ನು ಹುಡುಕಿದಾಗ ಸಿಕ್ಕವನೂ ಅವನೇ. ಬದುಕಿದ ರೀತಿ ಮುಖವನ್ನು ತಿದ್ದಿತ್ತು. ಮನುಷ್ಯದೇಹವನ್ನು ಜೀವಮಾನವೆಲ್ಲ ನೋಡಿ, ಅಳೆದು, ತಿದ್ದಿದ ಗುರುವಿನ ಅನುಭವವೇ ಈ ಕಥೆಯನ್ನು ಹೇಳಿಸಿದಂತಿದೆ. ಸೌಷ್ಠವವು ವ್ಯಾಯಾಮದಿಂದ ಬಂದೀತು. ಅದನ್ನು ಕಾಯಬೇಕಾದುದು ನಡತೆ.

1980ರಲ್ಲಿ ಅಯ್ಯರ್ ಅವರು ಕೀರ್ತಿಶೇಷರಾದರು. ಶಾಲೆಗಳ ವೇಳಾಪಟ್ಟಿಯಲ್ಲಿ ಆಟದ ಅವಧಿ ಪಾಠಕ್ಕೆ ಬಲಿಯಾಗುವುದು ಸಾಮಾನ್ಯ. ಆಟದಲ್ಲಿ ಮುಂದಿರುವ ಬಾಲಕನನ್ನು ಓದಿಗೆ ಒದಗದವನೆಂದು ಕೈಬಿಡುವುದೂ ಅಷ್ಟೇ ಸಾಮಾನ್ಯ. ಮೈದಾನ ಮತ್ತು ಗ್ರಂಥಾಲಯಗಳ ನಡುವಿನ ಗೋಡೆ ಕೃತಕವಾದುದೆಂಬುದಕ್ಕೆ ಅವರ ಜೀವನಕ್ಕಿಂತ ಬೇರೆ ಪ್ರಮಾಣ ಬೇಕಿಲ್ಲ. ಆ ಗೋಡೆಯನ್ನು ಕೆಡಹುವ ಹೊಣೆ ಅಧ್ಯಾಪಕವರ್ಗದ್ದು. ವಿದ್ಯಾಭಿಮಾನಿಗಳಾದ ಮಹಾಜನರು ಅದಕ್ಕೆ ಬೆಂಬಲವಾಗಬೇಕು.