ಹಸಿವನ್ನು ಮರೆಯದ ರಮಾಬಾಯಿ

ಅನುಗೊಂಡನಹಳ್ಳಿಯ ಈ ಕೂಟದಲ್ಲಿ ಪಂಡಿತಾ ರಮಾಬಾಯಿ ಬಗ್ಗೆ ಹೇಳಬೇಕು ಅಂತ ನನಗೆ ಭಾರ ಇತ್ತು. ಮುಕ್ತಿ ಮಿಷನ್ ಅಂದ್ರೆ ನಮಗೆಲ್ಲ 1905ರ ಉಜ್ಜೀವನ ನೆನಪಾಗುತ್ತೆ. ಇವತ್ತು ಅದಕ್ಕೂ ಹಿಂದಕ್ಕೆ ಹೋಗೋಣ.

ಆಕೆ ಹುಟ್ಟಿದ್ದು 1858ರಲ್ಲಿ, ನಮ್ಮದೇ ಪಶ್ಚಿಮಘಟ್ಟದ ಗಂಗಾಮೂಲದ ಕಾಡಲ್ಲಿ. ತಾಯಿಯೇ ಸಂಸ್ಕೃತ ಕಲಿಸಿದರು. ತಂದೆ ಅನಂತ ಶಾಸ್ತ್ರಿ ಡೋಂಗ್ರೆ ಮನೆಮಂದಿಯನ್ನೆಲ್ಲ ಕರ್ಕೊಂಡು ತೀರ್ಥಯಾತ್ರೆಯಲ್ಲೇ ಅಲೆದರು. 1870ರ ದಶಕದ ಬರಗಾಲದಲ್ಲಿ ತಂದೆ, ತಾಯಿ, ಅಕ್ಕ ಮೂವರೂ ಹೋದರು. ಸಾಯುತ್ತಿದ್ದ ತಾಯಿಗೆ ಒಂದು ರೊಟ್ಟಿ ಕೇಳೋಕೆ ಹೋದ ಹುಡುಗಿಗೆ ನಾಲಿಗೆಯೇ ಏಳಲಿಲ್ಲ. ಚಟ್ಟಕ್ಕೆ ನಾಲ್ಕನೆಯ ಹೆಗಲೂ ಸಿಗಲಿಲ್ಲ. ಇವಳೇ ಹೊತ್ತಳು, ಕುಳ್ಳಗಿದ್ದಳು, ಅದಕ್ಕೇ ತಲೆ ಮೇಲೆ. ನಿಮ್ಮಲ್ಲಿ ಎಷ್ಟೋ ಜನರದ್ದು ಅದೇ ವಯಸ್ಸು.

ಆಮೇಲೆ ಅಣ್ಣನ ಜೊತೆ ಸಾವಿರಾರು ಮೈಲಿ ನಡಿಗೆ. ಚಳಿ ತಡೆಯೋಕೆ ಝೇಲಂ ದಡದ ಮರಳಲ್ಲಿ ಗುಂಡಿ ತೋಡಿ ಮಲಗಿದ್ದೂ ಉಂಟು. 1878ರಲ್ಲಿ ಕಲ್ಕತ್ತಾದ ವಿದ್ವಾಂಸರು ಪಂಡಿತಾ ಅಂತ ಗೌರವಿಸಿದರು. 1880ರಲ್ಲಿ ಅಣ್ಣ, 1882ರಲ್ಲಿ ಗಂಡ ತೀರಿಹೋದರು. 1883ರಲ್ಲಿ ಇಂಗ್ಲೆಂಡಲ್ಲಿ ದೀಕ್ಷಾಸ್ನಾನ.

ದೀಕ್ಷಾಸ್ನಾನ ಆದ್ಮೇಲೆ ಬಾಲ್ಯದ ಗಾಯ ಅಳಿಸಿಹೋಗುತ್ತೆ ಅಂತ ಕೆಲವರು ಸಲೀಸಾಗಿ ಹೇಳಿಬಿಡ್ತಾರೆ. ನಾನು ಒಪ್ಪಲ್ಲ. ಹಸಿವು ಕೆಲವರನ್ನು ಕಲ್ಲು ಮಾಡುತ್ತೆ, ಕೆಲವರನ್ನು ಜೀವನಪೂರ್ತಿ ಹೆದರಿಸುತ್ತೆ. ರಮಾಬಾಯಿಗೂ ಅದು ಅಳಿಸಿಹೋಗಲಿಲ್ಲ. 1896-97ರ ಬರದಲ್ಲಿ ಮಧ್ಯ ಪ್ರಾಂತ್ಯಕ್ಕೆ ಹೋದಾಗ, ಎಲುಬಿನ ಗೂಡಾಗಿದ್ದ ಮಕ್ಕಳನ್ನು ನೋಡಿ ತನ್ನ ಹಳೇ ದಿನಗಳೇ ಎದುರು ಬಂದು ನಿಂತವು. ಸುಮಾರು 300 ಹುಡುಗಿಯರನ್ನು ಕರ್ಕೊಂಡು ಬಂದರು. ಪುಣೆ ಹತ್ತಿರದ ಕೇಡಗಾಂವಲ್ಲಿ ಅವರಿಗೆ ಬರೀ ಪ್ರಾರ್ಥನೆ ಅಲ್ಲ. ಊಟ, ಶಾಲೆ, ನೇಯ್ಗೆ, ಅಚ್ಚುಕೂಟದ ಕೆಲಸ, ಕಣ್ಣು ಕಾಣದವರಿಗೆ ಬ್ರೈಲ್. ಉಜ್ಜೀವನ ಇಳಿದದ್ದು ಹೀಗೆ ಬರದಿಂದ ಬದುಕಿ ಬಂದ ಹುಡುಗಿಯರ ನಡುವೆ.